ಎರಡನೆಯ ಭೇಟಿಯ ಲೆಕ್ಕ ಎಲ್ಲಿದೆ?

ಮಾನ್ಯ ಸಂಪಾದಕರೇ,

ಜುಲೈ 11ರ ವಿಶ್ವ ಜನಸಂಖ್ಯಾ ದಿನ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಜಾಥಾ, ಬ್ಯಾನರು, ಶಿಬಿರದ ಚಿತ್ರಗಳು ಕಾಣಿಸಿಕೊಳ್ಳುತ್ತವೆ. ಎಷ್ಟು ಮಂದಿಗೆ ಮಕ್ಕಳಾಗದ ಆಪರೇಷನ್ ಆಯಿತು, ಎಷ್ಟು ಮಂದಿಗೆ ವಂಕಿ (ಕಾಪರ್-ಟಿ) ಹಾಕಿದರು, ಎಷ್ಟು ಮಂದಿಗೆ ಗರ್ಭ ತಡೆಯುವ ‘ಅಂತರಾ’ ಚುಚ್ಚುಮದ್ದು ಕೊಟ್ಟರು ಎಂಬ ಅಂಕಿಯೂ ಜೊತೆಗಿರುತ್ತದೆ. ಆ ಚುಚ್ಚುಮದ್ದು ತೆಗೆದುಕೊಂಡವರಲ್ಲಿ ಎಷ್ಟು ಮಂದಿ ಮೂರು ತಿಂಗಳ ನಂತರ ಎರಡನೆಯದಕ್ಕೆ ಬಂದರು ಎಂಬುದು ಮಾತ್ರ ಎಲ್ಲೂ ಬರುವುದಿಲ್ಲ. ಕುಟುಂಬ ಯೋಜನೆಯ ಸೇವೆ ಕೈಕೊಡುವುದು ಹೆಚ್ಚಾಗಿ ಅಲ್ಲೇ, ಮೊದಲ ದಿನಕ್ಕೂ ಎರಡನೆಯ ಭೇಟಿಗೂ ನಡುವೆ. ಆ ನಡುವಿನ ಕೆಲಸವನ್ನು ಆಸ್ಪತ್ರೆಯ ಗೋಡೆಯೊಳಗೆ ಕೂತು ಮಾಡಲಾಗದು. ಊರಲ್ಲೇ ಇರುವ ಮಹಿಳಾ ಸಂಘಗಳು, ಸ್ವಯಂಸೇವಾ ಸಂಸ್ಥೆಗಳು, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗಳು ಅದನ್ನು ಮಾಡಬಲ್ಲವು. ಆದರೆ ಇವುಗಳಿಗೆ ನಾವು ವಹಿಸುತ್ತಿರುವುದು ಶಿಬಿರಕ್ಕೆ ಜನ ಕರೆತರುವ ಕೆಲಸವನ್ನು.

ಈ ಸೇವೆಗೆ ನಮ್ಮ ನಾಡಿನಲ್ಲಿ ಹಳೆಯ ಬೇರಿದೆ. ಮೈಸೂರು ಸಂಸ್ಥಾನದ ಸರ್ಕಾರ 1930ರಲ್ಲೇ ಗರ್ಭನಿರೋಧ ಚಿಕಿತ್ಸಾಲಯಗಳನ್ನು ತೆರೆಯಿತು. ಆಗ ಜಗತ್ತಿನ ಬಹುಪಾಲು ಸರ್ಕಾರಗಳು ಈ ಮಾತನ್ನು ಎತ್ತಲೂ ಹಿಂಜರಿಯುತ್ತಿದ್ದವು. ಹುಬ್ಬಳ್ಳಿಯಲ್ಲಿ ಹುಟ್ಟಿದ ಧನ್ವಂತಿ ರಾಮರಾವ್ 1949ರಲ್ಲಿ ಮುಂಬೈಯಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘವನ್ನು ಕಟ್ಟಿದರು. ದೇಶದ ಕುಟುಂಬ ಯೋಜನಾ ಕಾರ್ಯಕ್ರಮ ಶುರುವಾದದ್ದು 1952ರಲ್ಲಿ. ಅಂದರೆ ಸಂಘ ಮೊದಲು, ಸರ್ಕಾರಿ ಕಾರ್ಯಕ್ರಮ ಆಮೇಲೆ.

ಇಂದು ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು ಎನ್ನುತ್ತದೆ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಹಾಗಾದರೆ ಕೆಲಸ ಮುಗಿಯಿತಲ್ಲ ಎನ್ನುವವರಿದ್ದಾರೆ. ಅದೇ ಸಮೀಕ್ಷೆಯ ಇನ್ನೊಂದು ಅಂಕಿ ನೋಡಬೇಕು: ರಾಜ್ಯದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ ಸುಮಾರು 57 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರಲ್ಲಿ ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇಲ್ಲ. ಬೇಗ ಮದುವೆ, ಬೆನ್ನುಬೆನ್ನಿಗೆ ಎರಡು ಹೆರಿಗೆ, ಇಪ್ಪತ್ತೈದರ ಆಸುಪಾಸಿನಲ್ಲಿ ಆಪರೇಷನ್ ಎಂಬುದು ಇಲ್ಲಿ ರೂಢಿಯಾಗಿಬಿಟ್ಟಿದೆ. ಒಂದು ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಕನಿಷ್ಠ ಎರಡು ವರ್ಷ ಬಿಡುವಿರಬೇಕು. ಆ ಬಿಡುವು ಕೊಡುವ ತಾತ್ಕಾಲಿಕ ವಿಧಾನಗಳು ಬಹುಪಾಲು ಹೆಣ್ಣುಮಕ್ಕಳ ಕೈಗೆ ಸಿಕ್ಕರೂ ಉಳಿಯುತ್ತಿಲ್ಲ. ಯಾಕೆ ಉಳಿಯುತ್ತಿಲ್ಲ ಎಂಬುದನ್ನು ಬಿಡಿಸಿ ಹೇಳಲೆಂದೇ ಈ ಪತ್ರ.

ಮೊದಲು ಅಂತರಾ. 150 ಮಿಲಿಗ್ರಾಂನ ಈ ಚುಚ್ಚುಮದ್ದನ್ನು ಮಾಂಸಖಂಡಕ್ಕೆ ಆಳವಾಗಿ ಕೊಡುತ್ತಾರೆ. ಸೀಸೆಯನ್ನು ಚೆನ್ನಾಗಿ ಕುಲುಕಬೇಕು, ಇಲ್ಲದಿದ್ದರೆ ಔಷಧ ತಳದಲ್ಲೇ ಉಳಿದು ಪೂರ್ತಿ ಡೋಸು ಮೈಗೆ ಹೋಗದು. ಚುಚ್ಚಿದ ಜಾಗವನ್ನು ಉಜ್ಜಬಾರದು, ಬಿಸಿ ಶಾಖ ಕೊಡಬಾರದು. ಔಷಧ ಬೇಗ ಕರಗಿ ಅವಧಿ ಕಡಿಮೆಯಾಗುತ್ತದೆ. ನೋವಾಯಿತೆಂದು ಮನೆಯಲ್ಲಿ ಬಿಸಿನೀರಿನ ಬಟ್ಟೆ ಒತ್ತುವುದು ನಮ್ಮಲ್ಲಿ ಸಹಜ, ಹಾಗಾಗಿ ಇದನ್ನು ಅತ್ತೆಗೋ ತಾಯಿಗೋ ಕೂಡ ಹೇಳಿ ಕಳಿಸಿದರೆ ಒಳ್ಳೆಯದು, ಆಕೆ ಒಪ್ಪಿದರೆ ಮಾತ್ರ. ಮುಂದಿನ ಡೋಸು ಮೂರು ತಿಂಗಳಿಗೆ. ಎರಡು ವಾರ ಮುಂಚೆ ಬಂದರೂ ಕೊಡಬಹುದು, ನಾಲ್ಕು ವಾರ ತಡವಾದರೂ ಕೊಡಬಹುದು. ಈ ಸಡಿಲಿಕೆಯನ್ನು ಎಷ್ಟೋ ಕಡೆ ಯಾರೂ ಹೇಳುವುದಿಲ್ಲ. ಒಂದು ವಾರ ತಪ್ಪಿತೆಂದು ಆಕೆ ಹೆದರಿ ಬರುವುದನ್ನೇ ಬಿಡುತ್ತಾಳೆ, ಇಲ್ಲವೇ ಬಂದವಳನ್ನು ‘ತಡವಾಯ್ತಮ್ಮ’ ಎಂದು ವಾಪಸು ಕಳಿಸುತ್ತಾರೆ. ಕಾರ್ಡಿನಲ್ಲಿ ಒಂದು ದಿನಾಂಕದ ಬದಲು ಮೂರು ಬರೆಯಬೇಕು: ಯಾವ ದಿನದಿಂದ ಬರಬಹುದು, ಬರಬೇಕಾದ ದಿನ ಯಾವುದು, ಕೊನೆಯ ದಿನ ಯಾವುದು. ಇಷ್ಟು ಮಾಡಿದರೆ ಎಷ್ಟೋ ಮಂದಿ ಉಳಿಯುತ್ತಾರೆ.

ಇನ್ನು ಮುಟ್ಟಿನ ಏರುಪೇರು. ಅಂತರಾ ತೆಗೆದುಕೊಂಡ ಮೊದಲ ತಿಂಗಳುಗಳಲ್ಲಿ ಹೊತ್ತುಗೊತ್ತಿಲ್ಲದೆ ಸ್ವಲ್ಪ ಸ್ವಲ್ಪ ಹೋಗಬಹುದು, ಬರಬರುತ್ತಾ ಮುಟ್ಟು ನಿಂತೇ ಹೋಗಬಹುದು. ‘ಕೆಟ್ಟ ರಕ್ತ ಒಳಗೇ ಗಂಟು ಕಟ್ಟುತ್ತದೆ’ ಎಂಬ ಭಯ ಹುಟ್ಟುವುದು ಆಗ. ಗರ್ಭಕೋಶದ ಒಳಪದರವೇ ದಪ್ಪವಾಗದಿರುವುದರಿಂದ ಹೊರಬೀಳಲು ಏನೂ ಇರುವುದಿಲ್ಲ ಎಂಬ ಒಂದು ಮಾತನ್ನು ಚುಚ್ಚುವ ಮುಂಚೆಯೇ ಹೇಳಿದ್ದರೆ ಆಕೆ ತಡೆದುಕೊಳ್ಳುತ್ತಾಳೆ. ಆಮೇಲೆ ಹೇಳಿದರೆ ಅದು ಸಮಜಾಯಿಷಿಯಂತೆ ಕೇಳಿಸುತ್ತದೆ. ನಿಲ್ಲಿಸಿದ ಮೇಲೆ ಮತ್ತೆ ಗರ್ಭ ನಿಲ್ಲಲು ಕೊನೆಯ ಚುಚ್ಚುಮದ್ದಿನಿಂದ 7ರಿಂದ 10 ತಿಂಗಳು ಹಿಡಿಯಬಹುದು ಎಂಬುದನ್ನೂ ಮುಚ್ಚಿಡಬಾರದು. ಮುಂದಿನ ವರ್ಷವೇ ಮಗು ಬೇಕೆನ್ನುವವಳಿಗೆ ಇದು ತಕ್ಕ ವಿಧಾನವಲ್ಲ.

ಗರ್ಭ ತಡೆಯುವ ‘ಛಾಯಾ’ ಮಾತ್ರೆಯಲ್ಲಿ ಹಾರ್ಮೋನಿಲ್ಲ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ನಮ್ಮದೇ ದೇಶದ ಮಾತ್ರೆ ಇದು. ಹಾಲುಣಿಸುವ ತಾಯಂದಿರಿಗೂ ಆಗುತ್ತದೆ. ಮುಟ್ಟಾದ ಮೊದಲ ದಿನ ಒಂದು, ಅಲ್ಲಿಂದ ನಾಲ್ಕನೆಯ ದಿನ ಇನ್ನೊಂದು. ಭಾನುವಾರ ಶುರುಮಾಡಿದವಳು ಭಾನುವಾರ ಮತ್ತು ಬುಧವಾರ, ಸೋಮವಾರ ಶುರುಮಾಡಿದವಳು ಸೋಮವಾರ ಮತ್ತು ಗುರುವಾರ ನುಂಗಬೇಕು. ಮೂರು ತಿಂಗಳಾದ ಮೇಲೆ ವಾರಕ್ಕೆ ಒಂದೇ, ಅದೂ ಮೊದಲ ಮಾತ್ರೆ ನುಂಗಿದ ವಾರದಂದೇ: ಭಾನುವಾರ ಶುರುಮಾಡಿದವಳು ಭಾನುವಾರ. ನಡುವೆ ಮುಟ್ಟು ಯಾವಾಗ ಬಂದರೂ ದಿನ ಬದಲಾಗದು. ಎಡವಟ್ಟಾಗುವುದು ಲೆಕ್ಕದಲ್ಲಿ. ಒಂದು ಪಟ್ಟಿಯಲ್ಲಿ 8 ಮಾತ್ರೆ. ಮೊದಲ ಮೂರು ತಿಂಗಳಿಗೆ ವಾರಕ್ಕೆ ಎರಡರಂತೆ 26 ಮಾತ್ರೆ ಬೇಕು, ಅಂದರೆ ಮೂರು ಪಟ್ಟಿ ಮುಗಿದು ಇನ್ನೆರಡು. ಆದರೆ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಇರುವುದು ಕೆಲವೇ ಪಟ್ಟಿ, ಕೊಡುವುದು ಒಂದು. ನಾಲ್ಕು ವಾರಕ್ಕೆ ಅದು ಖಾಲಿ. ಆಕೆ ಹೊಲದ ಕೆಲಸ ಬಿಟ್ಟು ಮತ್ತೆ ಕೇಳಲು ಬರುವುದಿಲ್ಲ. ಶುರುವಿನಲ್ಲೇ ನಾಲ್ಕು ಪಟ್ಟಿ ಕೈಗೆ ಕೊಡಬೇಕು. ಒಂದೆರಡು ದಿನ ಮರೆತರೆ ನೆನಪಾದ ತಕ್ಷಣ ನುಂಗಿ, ಎಂದಿನ ದಿನಗಳನ್ನು ಮುಂದುವರಿಸಿ, ಮುಂದಿನ ಮುಟ್ಟಿನವರೆಗೆ ನಿರೋಧ್ (ಕಾಂಡೋಮ್) ಬಳಸಬೇಕು. ಏಳು ದಿನ ದಾಟಿದರೆ ಹೊಸಬಳಂತೆ ವಾರಕ್ಕೆರಡರಿಂದ ಮತ್ತೆ ಆರಂಭ. ಛಾಯಾದಿಂದ ಮುಟ್ಟು ಮುಂದೆ ಹೋಗುವುದುಂಟು. 15 ದಿನಕ್ಕಿಂತ ತಡವಾದರೆ ಗರ್ಭ ಪರೀಕ್ಷೆ ಮಾಡಿಸಲೇಬೇಕು. ಅಂಡಾಶಯದಲ್ಲಿ ನೀರುಗುಳ್ಳೆಯ ತೊಂದರೆ, ಕಾಮಾಲೆ ಅಥವಾ ಪಿತ್ತಜನಕಾಂಗದ ಕಾಯಿಲೆ ಇರುವವರಿಗೆ ಇದನ್ನು ಕೊಡುವಂತಿಲ್ಲ.

ಇಷ್ಟೆಲ್ಲ ಸರಿಮಾಡಿದರೂ ಒಂದು ಕಂದಕ ಉಳಿಯುತ್ತದೆ. ಅದು ನಮ್ಮ ಬಾಣಂತನದ ಪದ್ಧತಿಯಲ್ಲೇ ಇದೆ. ಚೊಚ್ಚಲ ಹೆರಿಗೆ ತವರಿನಲ್ಲಿ. ಹೆರಿಗೆಯಾದ 48 ಗಂಟೆಯೊಳಗೆ ವಂಕಿ ಹಾಕಬಹುದು. ಆ ಹೊತ್ತು ಮೀರಿದರೆ ಆರು ವಾರ ಕಾಯಬೇಕು. ತವರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಹಾಕಿಸಿಕೊಂಡ ಬಾಣಂತಿ ಮೂರೋ ಐದೋ ತಿಂಗಳಿಗೆ ಗಂಡನ ಮನೆಗೆ ಹೋಗುತ್ತಾಳೆ. ತವರಿನ ಆಶಾಳ ಪುಸ್ತಕದಲ್ಲಿ ಆಕೆ ಈ ಊರಿನವಳಲ್ಲ, ಗಂಡನ ಊರಿನ ಆಶಾಳಿಗೆ ವಂಕಿ ಹಾಕಿರುವ ಸುದ್ದಿಯೇ ಗೊತ್ತಿಲ್ಲ. ಹೆರಿಗೆಯ ಬೆನ್ನಿಗೇ ಹಾಕಿದ ವಂಕಿ ತಾನಾಗಿ ಜಾರಿಬೀಳುವ ಸಂಭವ ಬೇರೆ ಸಮಯದಲ್ಲಿ ಹಾಕಿದ್ದಕ್ಕಿಂತ ಹೆಚ್ಚು, ಅದೂ ಮೊದಲ ವಾರಗಳಲ್ಲಿ. ಆರನೆಯ ವಾರದಲ್ಲಿ ಒಮ್ಮೆ ನೋಡದಿದ್ದರೆ ಬಿದ್ದದ್ದು ತಿಳಿಯುವುದೇ ಇಲ್ಲ. ಇದೆ ಎಂದು ನಂಬಿಕೊಂಡಿದ್ದವಳು ಗರ್ಭಿಣಿಯಾಗಿರುತ್ತಾಳೆ. ಇನ್ನೊಬ್ಬಳಿಗೆ ಹೊಟ್ಟೆನೋವು, ದುರ್ವಾಸನೆಯ ಬಿಳಿಸೆರಗು, ಜ್ವರ. ಯಾರಿಗೆ ಹೇಳಬೇಕೆಂದು ತೋಚದೆ ಮನೆಮದ್ದು ಮಾಡುತ್ತಾ ಕೂತಿರುತ್ತಾಳೆ.

ಏನೂ ಹಾಕಿಸಿಕೊಳ್ಳದೆ ಬಂದವಳ ಕಥೆಯೂ ಇದೇ ಹೊತ್ತಿಗೆ ಬಂದು ನಿಲ್ಲುತ್ತದೆ. ಮುಟ್ಟು ಮರಳಿ ಬಂದಿರಬಾರದು, ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿ ಬರೀ ಎದೆಹಾಲೇ ಕೊಡುತ್ತಿರಬೇಕು: ಈ ಮೂರೂ ಇದ್ದರೆ ಮಾತ್ರ ಹಾಲುಣಿಸುವಿಕೆಯೇ ರಕ್ಷಣೆ. ರಾಗಿಸರಿ ತಿನ್ನಿಸಲು ಶುರುಮಾಡಿದ ದಿನದಿಂದ ಆ ರಕ್ಷಣೆಯನ್ನು ನೆಚ್ಚುವಂತಿಲ್ಲ. ಆಕೆ ಗಂಡನ ಮನೆ ಸೇರುವುದೂ, ರಕ್ಷಣೆ ಕಳಚುವುದೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ. ‘ಇನ್ನೂ ಮುಟ್ಟೇ ಆಗಿಲ್ಲ’ ಎಂಬ ಧೈರ್ಯದಲ್ಲಿ ಇದ್ದವಳಿಗೆ ಎರಡನೆಯ ಗರ್ಭ ನಿಂತಿರುತ್ತದೆ. ಮುಟ್ಟಿಗೆ ಮುಂಚೆಯೇ ಅಂಡ ಬಿಡುಗಡೆಯಾಗುತ್ತದೆ ಎಂದು ಆಕೆಗೆ ಯಾರೂ ಹೇಳಿರುವುದಿಲ್ಲ.

ಇಲ್ಲಿ ಸಂಘಗಳಿಗೆ ಒಂದು ನಿರ್ದಿಷ್ಟ ಕೆಲಸವಿದೆ. ತವರಿನ ಊರಿನ ಸಂಘದವರು ಬಾಣಂತಿ ಹೊರಡುವ ವಾರದಲ್ಲಿ ತಾಯಿ ಕಾರ್ಡಿನಲ್ಲಿ ಮೂರು ವಿಷಯ ಬರೆದಿದೆಯೇ ನೋಡಬೇಕು: ಯಾವ ವಿಧಾನ, ಯಾವ ದಿನಾಂಕ, ಮುಂದಿನ ತಪಾಸಣೆ ಯಾವಾಗ. ವಂಕಿಯಾದರೆ ಅದು 10 ವರ್ಷದ 380ಎ ಮಾದರಿಯೋ 5 ವರ್ಷದ 375 ಮಾದರಿಯೋ ಎಂಬುದೂ ಬೇಕು. ಆಮೇಲೆ ಆಕೆಯ ಒಪ್ಪಿಗೆ ಪಡೆದು ಗಂಡನ ಊರಿನ ಆಶಾಗೆ ಒಂದು ಫೋನು. ಎಲ್ಲರ ಮನೆಯ ಬೀಗತನ, ಬಾಣಂತನ ತಿಳಿದಿರುವ ಸಂಘದ ಹೆಂಗಸರಿಗೆ ಇದು ಕಷ್ಟವಲ್ಲ. ಇಲಾಖೆಯ ಯಾವ ತಂತ್ರಾಂಶಕ್ಕಿಂತಲೂ ಚೆನ್ನಾಗಿ ಮಾಡಬಲ್ಲರು.

ಗುಳೆ ಹೋಗುವವರದ್ದೂ ಇದೇ ಪಾಡು. ರಾಯಚೂರು, ಯಾದಗಿರಿ ಕಡೆಯಿಂದ ಸುಗ್ಗಿ ಮುಗಿದ ಮೇಲೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟವಳ ಅಂತರಾ ಡೋಸು ಶೆಡ್ಡಿನಲ್ಲಿರುವಾಗ ಬರುತ್ತದೆ. ಊರ ಕಾರ್ಡು ತೋರಿಸಿದರೆ ನಗರದ ‘ನಮ್ಮ ಕ್ಲಿನಿಕ್’ನಲ್ಲೂ, ಯಾವ ಆರೋಗ್ಯ ಕೇಂದ್ರದಲ್ಲೂ ವಿಳಾಸ ಕೇಳದೆ ಕೊಡಬೇಕು. ಹೊರಡುವ ಮುನ್ನ ಛಾಯಾ ಬಳಸುವವರಿಗೆ ಆರು ತಿಂಗಳ ಮಾತ್ರೆ ಒಟ್ಟಿಗೆ ಕಟ್ಟಿಕೊಡಬೇಕು.

ಬಂದವರನ್ನು ಬರಿಗೈಯಲ್ಲಿ ಕಳಿಸುವ ಇನ್ನೊಂದು ಅಭ್ಯಾಸವಿದೆ: ‘ಮುಟ್ಟಾದಾಗ ಬಾ’. ಗರ್ಭ ನಿಂತಿಲ್ಲವೆಂದು ತಿಳಿಯಲು ಮುಟ್ಟೇ ಆಗಿರಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಆರು ಪ್ರಶ್ನೆಗಳಿವೆ. ಮಗುವಿಗೆ ಆರು ತಿಂಗಳಾಗಿಲ್ಲ, ಬರೀ ಎದೆಹಾಲೇ ಕೊಡುತ್ತಿದ್ದೀರಿ, ಮುಟ್ಟೂ ಮರಳಿಲ್ಲ, ಈ ಮೂರೂ ನಿಜವೇ? ಕಳೆದ ಮುಟ್ಟು ಅಥವಾ ಹೆರಿಗೆಯ ನಂತರ ಗಂಡನ ಜೊತೆ ಸೇರಿಲ್ಲವೇ? ಹೆರಿಗೆಯಾಗಿ ನಾಲ್ಕು ವಾರದೊಳಗೇ ಇದ್ದೀರಾ? ಮುಟ್ಟು ಶುರುವಾಗಿ ಏಳು ದಿನದೊಳಗೇ ಇದೆಯೇ? ಗರ್ಭಪಾತವಾಗಿ ಏಳು ದಿನದೊಳಗೇ ಇದ್ದೀರಾ? ಬೇರೊಂದು ವಿಧಾನವನ್ನು ತಪ್ಪದೆ ಬಳಸುತ್ತಿದ್ದೀರಾ? ಯಾವುದಾದರೂ ಒಂದಕ್ಕೆ ಹೌದೆಂದರೆ, ಬಸಿರಿನ ಲಕ್ಷಣಗಳೂ ಇಲ್ಲದಿದ್ದರೆ, ಆಕೆ ಗರ್ಭಿಣಿಯಲ್ಲ ಎಂದು ಸಾಕಷ್ಟು ಭರವಸೆಯಿಂದ ಹೇಳಬಹುದು. ಅವತ್ತೇ ಸೇವೆ ಶುರುಮಾಡಬಹುದು. ಮುಟ್ಟಿನ ಏಳು ದಿನ ದಾಟಿದ್ದರೆ ಅಂತರಾ ಕೊಟ್ಟು, ಒಂದು ವಾರ ನಿರೋಧ್ ಬಳಸಲು ಹೇಳಿದರಾಯಿತು. ಈ ಆರು ಪ್ರಶ್ನೆಗಳನ್ನು ದೊಡ್ಡಕ್ಷರದಲ್ಲಿ ಬರೆದು ಪ್ರತಿ ಉಪಕೇಂದ್ರದ ಗೋಡೆಗೆ ಅಂಟಿಸಲು ಎಷ್ಟು ಖರ್ಚಾದೀತು?

ತೆಗೆಯುವ ಸೇವೆ ಹಾಕುವ ಸೇವೆಯಷ್ಟೇ ಮುಖ್ಯ. ವಂಕಿ ಬೇಡವೆಂದು ಬಂದವಳಿಗೆ ‘ಇನ್ನಾರು ತಿಂಗಳು ನೋಡು’ ಎಂದು ಎರಡು ಮೂರು ಸಲ ಅಲೆಸಿದರೆ, ಆ ಸುದ್ದಿ ಬಾವಿಕಟ್ಟೆಯಿಂದ ಸಂತೆಯವರೆಗೆ ಹರಡುತ್ತದೆ. ಒಬ್ಬಳನ್ನು ಅಲೆಸಿದ್ದಕ್ಕೆ ಹತ್ತು ಮಂದಿ ಹಾಕಿಸಿಕೊಳ್ಳುವುದನ್ನೇ ಬಿಡುತ್ತಾರೆ. ಈಗ ತೋಳಿನ ಚರ್ಮದಡಿ ಇಡುವ, ಮೂರು ವರ್ಷ ಕೆಲಸ ಮಾಡುವ ಇಂಪ್ಲಾಂಟ್ ಕೂಡ ಸರ್ಕಾರಿ ಆಸ್ಪತ್ರೆಗಳಿಗೆ ಬರುತ್ತಿದೆ. ಅದನ್ನು ಇಡುವುದು ಸುಲಭ; ತೆಗೆಯಲು ತರಬೇತಾದ ಕೈ ಬೇಕು. ತೆಗೆಯುವವರು ಇಲ್ಲದ ಕಡೆ ಇಡಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಗಂಡಸರ ವಿಷಯ. ಎನ್‌ಎಸ್‌ವಿ, ಅಂದರೆ ಕತ್ತರಿ ಹೊಲಿಗೆಯಿಲ್ಲದ ಗಂಡಸರ ಸಂತಾನಹರಣ ಶಸ್ತ್ರಚಿಕಿತ್ಸೆ, ಹತ್ತು ಹದಿನೈದು ನಿಮಿಷದ ಕೆಲಸ, ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡುತ್ತಾರೆ, ಅವತ್ತೇ ಮನೆಗೆ ಹೋಗಬಹುದು. ಹೆಂಗಸರ ಆಪರೇಷನ್‌ನಂತೆ ಹೊಟ್ಟೆ ಕೊಯ್ಯುವ ಮಾತೇ ಇಲ್ಲ. ಹಾಗಿದ್ದೂ ಜನ ಹಿಂದೆ ಸರಿಯಲು 1976ರ ತುರ್ತುಪರಿಸ್ಥಿತಿಯ ಬಲವಂತದ ನೆನಪು ಒಂದು ಕಾರಣ, ‘ಶಕ್ತಿ ಹೋಗುತ್ತದೆ’ ಎಂಬ ಭಯ ಇನ್ನೊಂದು. ವೀರ್ಯಾಣು ಸಾಗುವ ನಾಳವನ್ನಷ್ಟೇ ಕಟ್ಟುವುದರಿಂದ ಗಂಡಸುತನದ ಹಾರ್ಮೋನಿಗೆ ಏನೂ ಆಗದು. ಆದರೆ ಮರುಭೇಟಿಯ ಲೋಪ ಇಲ್ಲೂ ಇದೆ: ಆಪರೇಷನ್ ಆದ ದಿನದಿಂದಲೇ ರಕ್ಷಣೆ ಸಿಗುವುದಿಲ್ಲ. ನಾಳದಲ್ಲಿ ಉಳಿದ ವೀರ್ಯಾಣು ಖಾಲಿಯಾಗಲು ಮೂರು ತಿಂಗಳು ಬೇಕು, ಅಲ್ಲಿಯವರೆಗೆ ನಿರೋಧ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ಪಡೆಯಬೇಕು. ಪರೀಕ್ಷೆಗೆ ಬಾರದೆ, ಎರಡನೆಯ ತಿಂಗಳಲ್ಲಿ ಹೆಂಡತಿ ಗರ್ಭಿಣಿಯಾದರೆ ಅನುಮಾನ ಆಕೆಯ ಮೇಲೆ ಬೀಳುತ್ತದೆ. ಒಂದು ಫಾಲೋಅಪ್ ತಪ್ಪಿದ್ದಕ್ಕೆ ಒಂದು ಸಂಸಾರ ಮುರಿಯುವಂತಾಗಬಾರದು. ಇದನ್ನು ಗಂಡಸರಿಗೆ ಹೇಳಲು ಹಾಲಿನ ಡೈರಿ, ಯುವಕ ಸಂಘ, ಆಟೊ ನಿಲ್ದಾಣಗಳಲ್ಲಿ ಮಾತಾಡಬಲ್ಲ ಗಂಡಸರೇ ಬೇಕು.

ನಿರೋಧ್ ಬಗ್ಗೆ ಎರಡು ಮಾತು ಸಾಕು. ಕಲ್ಯಾಣ ಕರ್ನಾಟಕದ ಬೇಸಿಗೆಯಲ್ಲಿ ತಗಡಿನ ಟ್ರಂಕಿನಲ್ಲಿಟ್ಟರೆ ರಬ್ಬರು ಹಾಳಾಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದರೆ ಹರಿಯುತ್ತದೆ.

ಗುರಿ ಕೊಟ್ಟು ಜನ ಕರೆತರುವ ಪದ್ಧತಿಯನ್ನು ಕೇಂದ್ರ ಸರ್ಕಾರ 1996ರಲ್ಲೇ ಕೈಬಿಟ್ಟಿತು. ಆದರೂ 2014ರ ನವೆಂಬರಿನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರ ಜಿಲ್ಲೆಯ ಒಂದೇ ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಆಪರೇಷನ್ ಮಾಡಿ, ಹತ್ತಕ್ಕೂ ಹೆಚ್ಚು ಜೀವಗಳು ಹೋದವು. ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಲು ಹೇಳಿತು. ಆದ್ದರಿಂದ ಯಾವ ಸಂಘವೂ ತಲೆಗಿಷ್ಟು ಎಂದು ಜನ ಕರೆತರಲು ಒಪ್ಪಬಾರದು. ಅದರ ಬದಲು ಆಪರೇಷನ್‌ಗೆ ಹೋಗುವವಳ ಜೊತೆ ಕೂತು ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಲಿ. ಗಂಡನ ಸಹಿ ಬೇಕಿಲ್ಲ ಎಂದು ತಿಳಿಸಲಿ. ಒಂದು ತಿಂಗಳ ನಂತರ ಅಥವಾ ಮುಟ್ಟಾದ ಮೇಲೆ ಪ್ರಮಾಣಪತ್ರ ಕೊಡಿಸಲಿ. ಆಪರೇಷನ್ ವಿಫಲವಾಗಿ ಗರ್ಭ ನಿಂತರೆ ಪರಿಹಾರ ಯೋಜನೆಯಿದೆ, ಆದರೆ ಗೊತ್ತಾದ 90 ದಿನದೊಳಗೆ ಅರ್ಜಿ ಹಾಕಬೇಕು. ಪ್ರಮಾಣಪತ್ರ ಜೋಪಾನ ಮಾಡದವರು ಅಲ್ಲೇ ಸೋಲುತ್ತಾರೆ.

ಬೇಡದ ಗರ್ಭ ನಿಂತಾಗ ಮೊದಲು ಬಾಗಿಲು ತಟ್ಟುವುದು ಪರಿಚಯದ ಮನೆಯದ್ದು ಅಥವಾ ಔಷಧಿ ಅಂಗಡಿಯದ್ದು. ವೈದ್ಯಕೀಯ ಗರ್ಭಪಾತ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯಂತೆ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ, ಕೆಲವು ವರ್ಗದವರಿಗೆ 24 ವಾರದವರೆಗೆ ಇಬ್ಬರ ಅಭಿಪ್ರಾಯ ಸಾಕು. 18 ತುಂಬಿದವಳಿಗೆ ಆಕೆಯದೊಂದೇ ಒಪ್ಪಿಗೆ ಸಾಕು, ಮದುವೆಯಾಗದವಳಿಗೂ ಹಕ್ಕಿದೆ, ಗುಟ್ಟು ಕಾಯುವುದು ಕಾನೂನಿನ ಕಟ್ಟಳೆ. ಮಾತ್ರೆಯಿಂದ ಮಾಡುವುದು 9 ವಾರದೊಳಗೆ, ವೈದ್ಯರ ಉಸ್ತುವಾರಿಯಲ್ಲಿ. ‘ವಂಕಿ ಹಾಕಿಸಿಕೊಂಡರೆ ಮಾತ್ರ ಮಾಡುತ್ತೇವೆ’ ಎಂಬ ಷರತ್ತು ಎಲ್ಲಾದರೂ ಕೇಳಿಬಂದರೆ ಸಂಘದವರು ತಾಲ್ಲೂಕು ಆರೋಗ್ಯಾಧಿಕಾರಿಗೆ ಬರೆದು ಕೊಡಬೇಕು.

ಇದನ್ನೆಲ್ಲ ಮಾಡಲು ಸಂಘಗಳಿಗೆ ಬೇಕಾದದ್ದು ಮೊದಲು ಸರಕು. ಕಳೆದ ತಿಂಗಳು ಎಷ್ಟು ಹಂಚಿದರೋ ಅಷ್ಟಕ್ಕೇ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕುವ ರೂಢಿಯಲ್ಲಿ ಒಂದು ಮೋಸವಿದೆ: ದಾಸ್ತಾನು ಮುಗಿದ ತಿಂಗಳು ಹಂಚಿಕೆ ಸೊನ್ನೆ, ಸೊನ್ನೆ ನೋಡಿ ಮುಂದಿನ ತಿಂಗಳಿಗೆ ಬರುವುದೂ ಕಡಿಮೆ. ಹಂಚಿದ್ದನ್ನು ಬಿಟ್ಟು ಬಳಸುವವರನ್ನು ಎಣಿಸಬೇಕು. ಅಂತರಾ ಬಳಸುವವರು 30 ಮಂದಿ ಇದ್ದರೆ ಮೂರು ತಿಂಗಳಿಗೆ 30 ಡೋಸು, ಹೊಸಬರಿಗೆಂದು ಅದರ ಮೇಲಿಷ್ಟು. ಎರಡನೆಯದು ಗುಟ್ಟು ಕಾಯುವ ಪುಸ್ತಕ. ಸಂಘದ ವಾರದ ಸಭೆಯಲ್ಲಿ ವಿಧಾನಗಳನ್ನು ತೋರಿಸಿ ವಿವರಿಸಬಹುದೇ ಹೊರತು ‘ನೀನೇನು ಬಳಸುತ್ತೀ’ ಎಂದು ಕೇಳಬಾರದು. ಪುಸ್ತಕದಲ್ಲಿ ಹೆಸರಿನ ಬದಲು ಸಂಖ್ಯೆ ಇರಲಿ, ಹೆಸರಿನ ಹಾಳೆ ಬೇರೆ ಕಡೆ ಬೀಗದಲ್ಲಿರಲಿ. ನೆನಪಿಸಲು ಮನೆಗೆ ಹೋಗಬೇಕೋ, ಫೋನು ಮಾಡಬೇಕೋ, ಅಂಗನವಾಡಿಗೆ ಬಂದಾಗ ಹೇಳಬೇಕೋ ಎಂದು ಮೊದಲೇ ಆಕೆಯನ್ನು ಕೇಳಿ ಬರೆದುಕೊಂಡಿರಬೇಕು.

ಹಣದ ಮಾತು ಕೊನೆಗೆ. ಸಂಸ್ಥೆಗಳ ಜೊತೆ ಇಲಾಖೆ ಮಾಡಿಕೊಳ್ಳುವ ಒಪ್ಪಂದದಲ್ಲಿ ಹೊಸಬರ ಸಂಖ್ಯೆಗೆ ಹಣ ಕಟ್ಟುವುದನ್ನು ನಿಲ್ಲಿಸಿ, ಮರುಭೇಟಿಗಳಿಗೆ ಕಟ್ಟಿರಿ: ಅಂತರಾದ ಎರಡನೆಯ ಡೋಸಿಗೆ, ಆರನೆಯ ವಾರದ ವಂಕಿ ತಪಾಸಣೆಗೆ, ಮೂರನೆಯ ತಿಂಗಳ ವೀರ್ಯ ಪರೀಕ್ಷೆಗೆ. ವಿಧಾನ ಬದಲಿಸಿದವಳನ್ನೂ, ಬೇಡವೆಂದು ನಿಲ್ಲಿಸಿದವಳನ್ನೂ ಭೇಟಿಯಾದವರ ಲೆಕ್ಕಕ್ಕೇ ಸೇರಿಸಿರಿ. ಇಲ್ಲದಿದ್ದರೆ ಬೇಡವೆಂದವಳನ್ನು ಒಪ್ಪಿಸಲು ಸಂಘದವರೇ ಒತ್ತಾಯಕ್ಕೆ ಇಳಿಯುತ್ತಾರೆ.

ಇಂತಿ,
ಸಂತಾನ ಆರೋಗ್ಯ ಸೇವೆಯಲ್ಲಿ ತೊಡಗಿರುವ ಸಮುದಾಯ ಕಾರ್ಯಕರ್ತರು
ರಾಯಚೂರು ಜಿಲ್ಲೆ